ಡೆಸ್ಕ್‌ಟಾಪ್‌ಗೆ ಎಕ್ಸ್‌ಟರ್ನಲ್ ಡಿಸ್ಕ್ ಡ್ರೈವ್: ಕೊಳ್ಳುವ ಮುಂಚೆ ಏನೇನು ನೋಡಬೇಕು

ಈಗ ಬರುವ ಡೆಸ್ಕ್‌ಟಾಪ್ ಕ್ಯಾಬಿನೆಟ್‌ಗಳ ಮುಂಭಾಗ ನೋಡಿ. ಗಾಜು, ಜಾಲರಿ, ಫ್ಯಾನು, ಬಣ್ಣದ ಲೈಟು ಎಲ್ಲ ಇರುತ್ತದೆ. ಡಿಸ್ಕ್ ಹಾಕಲು ಮಾತ್ರ ಜಾಗ ಇರುವುದಿಲ್ಲ. ಹಾಗಂತ ಮನೆಯಲ್ಲಿರುವ ಡಿಸ್ಕ್‌ಗಳು ಮಾಯವಾಗಿಲ್ಲ ಅಲ್ವಾ? ಹಾಡಿನ ಸಿಡಿ, ಸಮಾರಂಭದ ವಿಡಿಯೊ ಇರುವ ಡಿವಿಡಿ, ಸ್ಕ್ಯಾನಿಂಗ್ ಸೆಂಟರ್‌ನವರು ಕೊಟ್ಟ ಸಿಡಿ, ಬ್ಯಾಕಪ್ ಅಂತ ಯಾವಾಗಲೋ ಬರೆದಿಟ್ಟ ಫೋಟೊಗಳು ಎಲ್ಲ ಕಪಾಟಿನಲ್ಲೇ ಇವೆ. ಅವನ್ನು ಓದಲು ಈಗ ಹೊರಗಿನಿಂದ ಒಂದು ಡ್ರೈವ್ ಜೋಡಿಸಬೇಕು.

ಹುಡುಕಲು ಕೂತರೆ ಎಲ್ಲ ಡ್ರೈವ್‌ಗಳ ಬಣ್ಣನೆಯೂ ಒಂದೇ ಥರ. ತೆಳ್ಳಗಿದೆ, ಹಗುರವಾಗಿದೆ, ಬ್ಯಾಗಿನಲ್ಲಿ ಹಿಡಿಸುತ್ತದೆ. ಇದೆಲ್ಲ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಹೇಳುವ ಮಾತು. ಕೂತಲ್ಲೇ ಕೂತಿರುವ ಡೆಸ್ಕ್‌ಟಾಪ್‌ಗೆ ಡ್ರೈವ್ ತೆಳ್ಳಗಿರುವುದರಿಂದ ವಿಶೇಷ ಲಾಭ ಏನೂ ಇಲ್ಲ. ನಿಮ್ಮ ಹತ್ತಿರ ಇರುವ ಡಿಸ್ಕ್‌ಗಳನ್ನು ಅದು ಓದುತ್ತದಾ, ಅದಕ್ಕೆ ಸಾಕಷ್ಟು ಕರೆಂಟ್ ಸಿಗುತ್ತದಾ, ಅದರ ಕೇಬಲ್ ನಿಮ್ಮ ಸಿಪಿಯುವರೆಗೆ ಮುಟ್ಟುತ್ತದಾ, ಇಷ್ಟನ್ನು ಸರಿಯಾಗಿ ನೋಡಿಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿದ ಹಾಗೆ.

1. ಮೊದಲು ಕ್ಯಾಬಿನೆಟ್ ಒಳಗೆ ಇಣುಕಿ

ಎಕ್ಸ್‌ಟರ್ನಲ್ ಡ್ರೈವೇ ಬೇಕಾ ಅಂತ ಮೊದಲು ನೋಡಿಕೊಳ್ಳಿ. ಸ್ವಲ್ಪ ಹಳೆಯ ಕ್ಯಾಬಿನೆಟ್ ಆದರೆ ಮುಂದಿನ ಪ್ಲಾಸ್ಟಿಕ್ ಮುಚ್ಚಳದ ಹಿಂದೆ 5.25 ಇಂಚಿನ ಬೇ, ಅಂದರೆ ಡ್ರೈವ್ ಕೂರಿಸುವ ಗೂಡು, ಖಾಲಿ ಬಿದ್ದಿರಬಹುದು. ಜೊತೆಗೆ ಮದರ್‌ಬೋರ್ಡ್‌ನಲ್ಲಿ ಒಂದು ಸಾಟಾ ಪೋರ್ಟ್ (ಒಳಗಿನ ಡ್ರೈವ್‌ಗಳನ್ನು ಜೋಡಿಸುವ ಜಾಗ), ಪವರ್ ಸಪ್ಲೈನಿಂದ ಬಂದ ಒಂದು ಸಾಟಾ ಪವರ್ ಕನೆಕ್ಟರ್ ಬಿಡುವಾಗಿದ್ದರೆ ಒಳಗೆ ಕೂರಿಸುವ ಡ್ರೈವೇ ಒಳ್ಳೆಯದು. ಸಾಮಾನ್ಯವಾಗಿ ಅಗ್ಗ, ವೇಗ ಜಾಸ್ತಿ, ಕರೆಂಟಿನ ತಕರಾರೂ ಇರುವುದಿಲ್ಲ. ನಾಲ್ಕು ಸ್ಕ್ರೂ, ಎರಡು ಕೇಬಲ್, ಕೆಲಸ ಮುಗಿಯಿತು.

ಬೇ ಇಲ್ಲ, ಅಥವಾ ಒಂದೇ ಡ್ರೈವನ್ನು ಎರಡು ಮೂರು ಕಂಪ್ಯೂಟರಿಗೆ ಬಳಸಬೇಕು ಅಂದರೆ ಮುಂದೆ ಓದಿ.

2. ಇರುವ ಡಿಸ್ಕ್‌ಗಳನ್ನು ಮೇಜಿನ ಮೇಲೆ ಹರಡಿ

ಇದನ್ನು ಬಿಟ್ಟು ನೇರವಾಗಿ ಡ್ರೈವ್ ಹುಡುಕಲು ಹೊರಡುವವರೇ ಹೆಚ್ಚು. ಡಿಸ್ಕ್‌ಗಳನ್ನು ಒಮ್ಮೆ ತೆಗೆದು ವಿಂಗಡಿಸಿ. ಎಲ್ಲವೂ ನೋಡಲು ಒಂದೇ ಥರ. 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ. ಒಳಗಿನ ಕಥೆ ಮಾತ್ರ ಬೇರೆ ಬೇರೆ.

ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಫಿಲಿಪ್ಸ್ ಮತ್ತು ಸೋನಿ ಸೇರಿ ಮಾಡಿದ್ದು. ಅದರಲ್ಲಿ ಸುಮಾರು 700 ಎಂಬಿ ಹಿಡಿಸುತ್ತದೆ. 1996ರಲ್ಲಿ ಡಿವಿಡಿ ಬಂತು. ಒಂದು ಪದರದ್ದಾದರೆ 4.7 ಜಿಬಿ, ಎರಡು ಪದರದ್ದಾದರೆ 8.5 ಜಿಬಿ. 2006ರಲ್ಲಿ ಬಂದ ಬ್ಲೂ-ರೇಯಲ್ಲಿ ಒಂದು ಪದರಕ್ಕೆ 25 ಜಿಬಿ, ಎರಡಕ್ಕೆ 50 ಜಿಬಿ. ಆಮೇಲೆ ಬಂದ ಬಿಡಿಎಕ್ಸ್‌ಎಲ್ ಡಿಸ್ಕ್‌ಗಳಲ್ಲಿ 100 ಮತ್ತು 128 ಜಿಬಿ.

ಇವನ್ನು ಓದುವ ಲೇಸರ್ ಕೂಡ ಬೇರೆ. ಸಿಡಿಗೆ 780 ನ್ಯಾನೋಮೀಟರ್‌ನ ಇನ್‌ಫ್ರಾರೆಡ್, ಡಿವಿಡಿಗೆ 650ರ ಕೆಂಪು, ಬ್ಲೂ-ರೇಗೆ 405ರ ನೇರಳೆ. ಹಾಗಾಗಿಯೇ ಡಿವಿಡಿ ಡ್ರೈವ್‌ಗೆ ಬ್ಲೂ-ರೇ ಹಾಕಿದರೆ ಯಾವ ಸಾಫ್ಟ್‌ವೇರ್ ತಂದರೂ ಓದಿಸಲು ಆಗುವುದಿಲ್ಲ. ಅದಕ್ಕೆ ಬೇಕಾದ ಲೇಸರ್ರೇ ಅಲ್ಲಿಲ್ಲ. ಇದರ ಉಲ್ಟಾ ಆದರೆ ಚಿಂತೆ ಇಲ್ಲ: ಕಂಪ್ಯೂಟರಿಗೆ ಸಿಗುವ ಬ್ಲೂ-ರೇ ಡ್ರೈವ್‌ಗಳು ಸಾಮಾನ್ಯವಾಗಿ ಸಿಡಿ, ಡಿವಿಡಿ ಎರಡನ್ನೂ ಓದಿ ಬರೆಯುತ್ತವೆ.

ವಿಂಗಡಿಸುವಾಗ ಎರಡು ವಿಷಯ ಗಮನಿಸಿ. ಮೊದಲನೆಯದು, 8 ಸೆಂಟಿಮೀಟರ್‌ನ ಪುಟಾಣಿ ಡಿಸ್ಕ್‌ಗಳು ಇವೆಯಾ? ಹಳೆಯ ಡಿವಿಡಿ ಕ್ಯಾಮ್‌ಕಾರ್ಡರ್‌ಗಳು ಇದರಲ್ಲೇ ರೆಕಾರ್ಡ್ ಮಾಡುತ್ತಿದ್ದವು. ಇವು ಇದ್ದರೆ ಸ್ಲಾಟ್ ಡ್ರೈವ್ (ಡಿಸ್ಕನ್ನು ಸೀಳಿನೊಳಗೆ ತಳ್ಳುವಂಥದ್ದು) ಬೇಡವೇ ಬೇಡ, ಕಾರಣ ಮುಂದೆ ಹೇಳುತ್ತೇನೆ. ಅಂಥ ಡಿಸ್ಕ್‌ಗಳನ್ನು ಕ್ಯಾಮೆರಾದಲ್ಲೇ ಫೈನಲೈಸ್ ಮಾಡಿರದಿದ್ದರೆ, ಅಂದರೆ ಬೇರೆ ಯಂತ್ರಗಳೂ ಓದುವಂತೆ ರೆಕಾರ್ಡಿಂಗ್ ಮುಗಿಸಿರದಿದ್ದರೆ, ಕಂಪ್ಯೂಟರ್‌ಗೆ ಅದು ಖಾಲಿ ಡಿಸ್ಕ್ ಥರ ಕಾಣಬಹುದು. ಆ ಕ್ಯಾಮೆರಾ ಇನ್ನೂ ಇದ್ದರೆ ಎಸೆಯಬೇಡಿ. ಎರಡನೆಯದು, ಡಿಸ್ಕ್ ಕಂಪನಿಯಲ್ಲಿ ಅಚ್ಚಾದದ್ದೋ, ಮನೆಯಲ್ಲಿ ಬರೆದದ್ದೋ? ಬರೆದ ಡಿಸ್ಕ್‌ಗಳ ಅಡಿಭಾಗದಲ್ಲಿ ಸಾಮಾನ್ಯವಾಗಿ ನೀಲಿ, ಹಸಿರು ಅಥವಾ ನೇರಳೆ ಛಾಯೆ ಇರುತ್ತದೆ. ಅದು ಬಣ್ಣದ ರಾಸಾಯನಿಕದ ಪದರ. ವರ್ಷ ಕಳೆದಂತೆ ಅದು ಮಂಕಾಗುತ್ತದೆ. ಹೊಸ ಡ್ರೈವ್ ಬಂದ ಮೇಲೆ ಮೊದಲು ಕಾಪಿ ಮಾಡಬೇಕಾದ್ದು ಇವನ್ನೇ.

3. ಓದಲು ಮಾತ್ರವಾ, ಬರೆಯಲೂ ಬೇಕಾ?

ಬರೀ ಸಿಡಿ, ಡಿವಿಡಿ ಇದ್ದರೆ ಯೋಚನೆಯೇ ಬೇಡ. ಡಿವಿಡಿ ರೈಟರ್ ತಗೊಳ್ಳಿ. ಬರೆಯುವ ಅಗತ್ಯ ಇಲ್ಲದಿದ್ದರೂ ಪರವಾಗಿಲ್ಲ, ಈಗ ಓದುವುದು ಮಾತ್ರ ಮಾಡುವ ಡಿವಿಡಿ ಡ್ರೈವ್ ಹುಡುಕುವುದೇ ಕಷ್ಟ. ಬರೆಯುವ ಡಿವಿಡಿಗಳಲ್ಲಿ ಪ್ಲಸ್ ಆರ್, ಮೈನಸ್ ಆರ್ ಎಂಬ ಎರಡು ಬಗೆಯ ಹಳೆಯ ಜಗಳವೂ ಈಗಿಲ್ಲ. ಎರಡನ್ನೂ ಎಲ್ಲ ಡ್ರೈವ್‌ಗಳು ಒಪ್ಪುತ್ತವೆ.

ಬ್ಲೂ-ರೇಯಲ್ಲಿ ಮಾತ್ರ ಹೆಸರು ಓದುವಾಗ ಹುಷಾರು. ‘ಬ್ಲೂ-ರೇ ಕಾಂಬೊ’ ಅಂತ ಇದ್ದರೆ ಅದು ಬ್ಲೂ-ರೇ ಓದುತ್ತದೆ, ಆದರೆ ಬರೆಯುವುದು ಸಿಡಿ, ಡಿವಿಡಿಗೆ ಮಾತ್ರ. ಬ್ಲೂ-ರೇ ಬರೆಯಬೇಕು ಅಂದರೆ ‘ಬ್ಲೂ-ರೇ ರೈಟರ್’ ಅಂತಲೇ ಇರಬೇಕು, ಬಿಡಿ-ಆರ್ (ಒಮ್ಮೆ ಮಾತ್ರ ಬರೆಯುವ ಡಿಸ್ಕ್) ಮತ್ತು ಬಿಡಿ-ಆರ್‌ಇ (ಅಳಿಸಿ ಮತ್ತೆ ಬರೆಯುವ ಡಿಸ್ಕ್) ಬರೆಯುವ ವೇಗವನ್ನು ನಮೂದಿಸಿರಬೇಕು. 100 ಜಿಬಿಯ ಡಿಸ್ಕ್ ಬೇಕಿದ್ದರೆ ಬಿಡಿಎಕ್ಸ್‌ಎಲ್ ಅನ್ನುವ ಪದವೂ ಇರಬೇಕು.

ಫೋಟೊಗಳನ್ನು ಬಹಳ ಕಾಲ ಕಾಪಾಡಲು ಡಿಸ್ಕ್‌ಗೆ ಬರೆಯುವ ಯೋಚನೆ ಇದ್ದರೆ ಎಂ-ಡಿಸ್ಕ್ ಗುರುತು ನೋಡಿ. ಮಾಮೂಲಿ ಡಿವಿಡಿ-ಆರ್‌ನಲ್ಲಿರುವ ಬಣ್ಣದ ಪದರದ ಬದಲು ಇದರಲ್ಲಿ ಕಲ್ಲಿನಂಥ ಗಟ್ಟಿ ಪದರ ಇರುತ್ತದೆ ಅನ್ನುತ್ತಾರೆ ತಯಾರಕರು. ಸಾವಿರ ವರ್ಷ ಬಾಳುತ್ತದೆ ಅಂತಲೂ ಹೇಳಿಕೊಳ್ಳುತ್ತಾರೆ. ಸಾವಿರ ವರ್ಷ ಕಾದು ನೋಡಿದವರು ಯಾರೂ ಇಲ್ಲ, ಇರಲಿ. ಎಂ-ಡಿಸ್ಕ್ ಡಿವಿಡಿಗೆ ಬರೆಯಲು ಹೆಚ್ಚು ಶಕ್ತಿಯ ಲೇಸರ್ ಬೇಕು, ಆದ್ದರಿಂದ ಡ್ರೈವ್ ಮೇಲೆ ಆ ಗುರುತು ಇರಲೇಬೇಕು. ಬರೆದಾದ ಮೇಲೆ ಓದುವುದಕ್ಕೆ ಮಾಮೂಲಿ ಡ್ರೈವ್ ಸಾಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬರೆಯುವ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಬೇರೆ ಕಂಪನಿಯವು ಸಿಗುತ್ತವೆ, ಆದರೆ ಮಾರುಕಟ್ಟೆ ಕುಗ್ಗುತ್ತಿರುವುದಂತೂ ನಿಜ. ಇನ್ನು ಹೊಸದಾಗಿ ಬ್ಯಾಕಪ್ ಶುರು ಮಾಡುವವರು ಡಿಸ್ಕ್ ಒಂದನ್ನೇ ನಂಬಿ ಕೂರಬೇಡಿ. ಹಾರ್ಡ್ ಡಿಸ್ಕ್‌ನಲ್ಲೂ ಒಂದು ಪ್ರತಿ ಇರಲಿ.

4. ತೆಳು ಡ್ರೈವಾ, ದಪ್ಪ ಡ್ರೈವಾ?

ಡೆಸ್ಕ್‌ಟಾಪ್‌ನವರು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಇದು. ಎಕ್ಸ್‌ಟರ್ನಲ್ ಡ್ರೈವ್‌ಗಳಲ್ಲಿ ಎರಡು ಜಾತಿ.

ತೆಳು ಡ್ರೈವ್ ಅಂದರೆ ಲ್ಯಾಪ್‌ಟಾಪ್ ಒಳಗೆ ಇರುತ್ತಿದ್ದ ಡ್ರೈವನ್ನೇ ಒಂದು ಪೆಟ್ಟಿಗೆಗೆ ಹಾಕಿ ಯುಎಸ್‌ಬಿ ಕೇಬಲ್ ಸಿಕ್ಕಿಸಿದ್ದು. ಕರೆಂಟ್ ಕೂಡ ಅದೇ ಕೇಬಲ್‌ನಿಂದ ಬರುತ್ತದೆ. ಡಿವಿಡಿಯನ್ನು 8ಎಕ್ಸ್, ಸಿಡಿಯನ್ನು 24ಎಕ್ಸ್, ಬ್ಲೂ-ರೇಯನ್ನು 6ಎಕ್ಸ್ ವೇಗದಲ್ಲಿ ಓದಿ ಬರೆಯುವುದು ಇದರ ಸಾಮಾನ್ಯ ಮಿತಿ. (ಎಕ್ಸ್ ಅಂದರೆ ಆ ಬಗೆಯ ಡಿಸ್ಕ್‌ನ ಮೂಲ ವೇಗದ ಎಷ್ಟು ಪಟ್ಟು ಅಂತ.)

ದಪ್ಪದ್ದು ಅಂದರೆ ಡೆಸ್ಕ್‌ಟಾಪ್ ಬೇಯಲ್ಲಿ ಕೂರುವ ಪೂರ್ಣ ಗಾತ್ರದ ಡ್ರೈವ್. ಅದರ ಮೋಟರಿಗೆ 12 ವೋಲ್ಟ್ ಬೇಕು. ಮಾಮೂಲಿ ಯುಎಸ್‌ಬಿ ಕೊಡುವುದು 5 ವೋಲ್ಟ್. ಆದ್ದರಿಂದ ಇದಕ್ಕೆ ಬೇರೆಯೇ ಅಡಾಪ್ಟರ್ ಇರುತ್ತದೆ, ಗೋಡೆಯ ಸಾಕೆಟ್‌ಗೆ ಹಾಕಬೇಕು. ಡಿವಿಡಿ 16ಎಕ್ಸ್ ಅಥವಾ 24ಎಕ್ಸ್, ಸಿಡಿ 48ಎಕ್ಸ್, ಬ್ಲೂ-ರೇ 16ಎಕ್ಸ್‌ವರೆಗೂ ಹೋಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ವರ್ಷಕ್ಕೆ ಹತ್ತು ಡಿಸ್ಕ್ ನೋಡುವವರಿಗೆ ತೆಳು ಡ್ರೈವ್ ಧಾರಾಳ ಸಾಕು. ಕಪಾಟು ತುಂಬ ಸಿಡಿ ಇದೆ, ಅಷ್ಟನ್ನೂ ಕಂಪ್ಯೂಟರಿಗೆ ಇಳಿಸಬೇಕು ಅನ್ನುವವರು ದಪ್ಪದ್ದಕ್ಕೇ ಹೋಗಿ. ಇದರ ಟ್ರೇಯನ್ನು ಮೋಟರೇ ಹೊರಗೆ ತಳ್ಳಿ ಒಳಗೆ ಎಳೆದುಕೊಳ್ಳುತ್ತದೆ, ಡಿಸ್ಕನ್ನು ಸುಮ್ನೆ ಮೇಲಿಟ್ಟರೆ ಸಾಕು. ನೂರು ಡಿಸ್ಕ್ ಬದಲಾಯಿಸುವಾಗ ಇದರ ಬೆಲೆ ಗೊತ್ತಾಗುತ್ತದೆ.

ತೆಳು ಡ್ರೈವ್‌ನಲ್ಲಿ ಹಾಗಲ್ಲ. ಗುಂಡಿ ಒತ್ತಿದರೆ ಟ್ರೇ ಅರ್ಧ ಇಂಚು ಹೊರಗೆ ಬಂದು ನಿಲ್ಲುತ್ತದೆ, ಉಳಿದದ್ದನ್ನು ನಾವೇ ಎಳೆಯಬೇಕು. ಡಿಸ್ಕನ್ನು ಮಧ್ಯದ ಗುಬುಟಿನ ಮೇಲಿಟ್ಟು, ರಂಧ್ರದ ಸುತ್ತ ಎರಡು ಬೆರಳಿನಿಂದ ‘ಟಕ್’ ಅನ್ನುವವರೆಗೆ ಒತ್ತಬೇಕು. ಹಾಗೆ ಒತ್ತುವಾಗ ಇನ್ನೊಂದು ಕೈಯಿಂದ ಟ್ರೇಯ ಅಡಿಗೆ ಆಸರೆ ಕೊಡಿ. ಈ ತೆಳು ಟ್ರೇ ಬರೀ ತಟ್ಟೆ ಅಂದುಕೊಳ್ಳಬೇಡಿ. ಮೋಟರು, ಲೇಸರ್ ಲೆನ್ಸ್ ಎಲ್ಲ ಅದರ ಮೇಲೇ ಕೂತು ಹೊರಗೆ ಬಂದಿರುತ್ತವೆ. ಸಣ್ಣ ಗಾಜಿನ ಮಣಿಯಂತೆ ಕಾಣುವುದೇ ಲೆನ್ಸ್. ಅದಕ್ಕೆ ಬೆರಳು ತಾಗಿಸಬೇಡಿ. ಆಸರೆ ಇಲ್ಲದೆ ಜೋರಾಗಿ ಒತ್ತಿದರೆ ಟ್ರೇಯ ಹಳಿ ಬಾಗುತ್ತದೆ, ಆಮೇಲೆ ಅದು ನೆಟ್ಟಗೆ ಒಳಗೆ ಹೋಗುವುದಿಲ್ಲ.

ಮೂರನೇ ದಾರಿಯೂ ಒಂದಿದೆ. 5.25 ಇಂಚಿನ ಎನ್‌ಕ್ಲೋಷರ್ ಅಂತ ಖಾಲಿ ಪೆಟ್ಟಿಗೆ ಸಿಗುತ್ತದೆ, ಅಡಾಪ್ಟರ್ ಸಮೇತ. ಹಳೆಯ ಕಂಪ್ಯೂಟರಿನ ಸಾಟಾ ಡ್ರೈವ್ ಚೆನ್ನಾಗಿದ್ದರೆ ಬಿಚ್ಚಿ ಇದರೊಳಗೆ ಹಾಕಿಕೊಳ್ಳಬಹುದು. ಡ್ರೈವ್ ಕೆಟ್ಟರೆ ಡ್ರೈವ್ ಮಾತ್ರ ಬದಲಾಯಿಸಿದರೆ ಆಯಿತು. ಎನ್‌ಕ್ಲೋಷರ್ ವಿವರದಲ್ಲಿ ‘ಆಪ್ಟಿಕಲ್ ಡ್ರೈವ್’ ಅಂತ ಸ್ಪಷ್ಟವಾಗಿ ಇದೆಯಾ ನೋಡಿ. ಹಾರ್ಡ್ ಡಿಸ್ಕ್‌ಗೆ ಮಾತ್ರ ಮಾಡಿದ ಪೆಟ್ಟಿಗೆಗಳೂ ಇರುತ್ತವೆ.

5. ಕರೆಂಟು ಮತ್ತು ಕೇಬಲ್

ತೆಳು ಡ್ರೈವ್ ತಂದವರ ದೂರುಗಳಲ್ಲಿ ಡ್ರೈವ್‌ನ ತಪ್ಪು ಇರುವುದು ಕಡಿಮೆ, ಕರೆಂಟಿನ ತಪ್ಪೇ ಜಾಸ್ತಿ. ಲೆಕ್ಕ ಹೀಗಿದೆ. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡುವುದು 500 ಮಿಲಿಆಂಪ್, ಅಂದರೆ 2.5 ವಾಟ್. ಯುಎಸ್‌ಬಿ 3.0 ಆದರೆ 900 ಮಿಲಿಆಂಪ್, ಅಂದರೆ 4.5 ವಾಟ್. ನಿಂತಿರುವ ಡಿಸ್ಕನ್ನು ಒಮ್ಮೆಲೇ ತಿರುಗಿಸಲು ಶುರು ಮಾಡುವಾಗ, ಮತ್ತು ಲೇಸರ್‌ನಿಂದ ಬರೆಯುವಾಗ, ತೆಳು ಡ್ರೈವ್ 500 ಮಿಲಿಆಂಪ್ ದಾಟಿಬಿಡಬಹುದು. ಆಗ ಕರೆಂಟ್ ಸಾಲದೆ ಅದು ಒದ್ದಾಡುತ್ತದೆ.

ಕರೆಂಟ್ ಸಾಲುತ್ತಿಲ್ಲ ಅಂತ ಕಂಡುಹಿಡಿಯುವುದು ಸುಲಭ. ಡಿಸ್ಕ್ ಹಾಕಿದಾಗ ಡ್ರೈವ್ ತಿರುಗಲು ನೋಡುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಕಂಪ್ಯೂಟರ್ ಯುಎಸ್‌ಬಿ ಸಿಕ್ಕಿಸಿದ, ಕಿತ್ತ ಸದ್ದನ್ನು ಮತ್ತೆ ಮತ್ತೆ ಮಾಡುತ್ತದೆ. ಸಿಡಿ ಓದುತ್ತದೆ, ಆದರೆ ಡಿವಿಡಿ ಬರೆಯಲು ಹೋದರೆ ಅರ್ಧಕ್ಕೆ ಕೈಕೊಡುತ್ತದೆ. ಹೀಗಾದರೆ ಡ್ರೈವ್ ವಾಪಸ್ ಮಾಡುವ ಮುಂಚೆ ಪೋರ್ಟ್ ಬದಲಾಯಿಸಿ ನೋಡಿ.

ಡೆಸ್ಕ್‌ಟಾಪ್‌ನವರಿಗೆ ಇಲ್ಲಿ ಒಂದು ಅನುಕೂಲ ಇದೆ. ಕ್ಯಾಬಿನೆಟ್ ಹಿಂಭಾಗದ ಪೋರ್ಟ್‌ಗಳು ಮದರ್‌ಬೋರ್ಡ್‌ಗೇ ಅಂಟಿಕೊಂಡಿರುತ್ತವೆ. ಮುಂಭಾಗದ್ದು ಒಳಗಿನ ಸಣ್ಣ ವೈರ್ ಮೂಲಕ ಬರುತ್ತದೆ, ದಾರಿಯಲ್ಲಿ ವೋಲ್ಟೇಜ್ ಸ್ವಲ್ಪ ಇಳಿಯಬಹುದು. ಹಾಗಾಗಿ ಹಿಂದಿನ ಪೋರ್ಟ್‌ಗೆ, ಅದರಲ್ಲೂ ಯುಎಸ್‌ಬಿ 3.0 ಪೋರ್ಟ್‌ಗೆ ಸಿಕ್ಕಿಸಿ. ಅದರ ಒಳಗಿನ ಪ್ಲಾಸ್ಟಿಕ್ ಹೆಚ್ಚಾಗಿ ನೀಲಿ ಬಣ್ಣದ್ದು. ಕೀಬೋರ್ಡ್, ಮೌಸ್ ಎಲ್ಲ ಸೇರಿಸಿದ ಅಡಾಪ್ಟರ್ ಇಲ್ಲದ ಹಬ್‌ಗೆ ಡ್ರೈವ್ ಹಾಕಬೇಡಿ.

ಆದರೆ ಹಿಂದಿನ ಪೋರ್ಟ್ ಅಂದ ಕೂಡಲೇ ಕೇಬಲ್ ಉದ್ದದ ಪ್ರಶ್ನೆ ಏಳುತ್ತದೆ. ತೆಳು ಡ್ರೈವ್‌ನ ಕೇಬಲ್ ಗೇಣುದ್ದ, ಹೆಚ್ಚೆಂದರೆ ಮೊಳದುದ್ದ. ಲ್ಯಾಪ್‌ಟಾಪ್ ಪಕ್ಕದಲ್ಲಿ ಇಡಲು ಅಷ್ಟು ಸಾಕು. ಸಿಪಿಯು ಮೇಜಿನ ಕೆಳಗೆ ನೆಲದ ಮೇಲಿದ್ದರೆ ಡ್ರೈವ್ ಗಾಳಿಯಲ್ಲಿ ನೇತಾಡುತ್ತದೆ. ಕೊಳ್ಳುವ ಮುಂಚೆ ಒಂದು ದಾರ ಹಿಡಿದು ಹಿಂದಿನ ಪೋರ್ಟ್‌ನಿಂದ ಡ್ರೈವ್ ಇಡುವ ಜಾಗದವರೆಗೆ ಅಳೆದುಬಿಡಿ. ಆಮೇಲೆ ವಿವರದಲ್ಲಿ ಎರಡು ವಿಷಯ ನೋಡಿ: ಕೇಬಲ್ ಎಷ್ಟು ಉದ್ದ, ಅದನ್ನು ಬಿಚ್ಚಬಹುದಾ? ಕೆಲವು ಡ್ರೈವ್‌ಗಳಲ್ಲಿ ಕೇಬಲ್ ಪೆಟ್ಟಿಗೆಗೇ ಅಂಟಿರುತ್ತದೆ, ತಳದ ಸಂದಿನೊಳಗೆ ಸುತ್ತಿ ಇಡುವಂತೆ. ನೋಡಲು ಅಚ್ಚುಕಟ್ಟು. ಆದರೆ ಮಡಚಿ ಮಡಚಿ ಒಳಗೆ ತಂತಿ ಕಿತ್ತರೆ ಇಡೀ ಡ್ರೈವ್ ಕೆಲಸಕ್ಕೆ ಬಾರದು. ಬಿಚ್ಚುವ ಕೇಬಲ್ ಇರುವುದನ್ನೇ ಆರಿಸಿ, ಕೆಟ್ಟರೆ ಬೇರೆ ತಂದು ಹಾಕಬಹುದು.

ಎಕ್ಸ್‌ಟೆನ್ಷನ್ ಹಾಕಲೇಬೇಕು ಅಂದರೆ ಒಂದು ಮೀಟರ್‌ನ ದಪ್ಪ ಕೇಬಲ್ ತಗೊಳ್ಳಿ. ಮೂರು ಮೀಟರ್‌ನ ತೆಳು ವೈರ್ ಹಾಕಿದರೆ ಕರೆಂಟಿನ ತೊಂದರೆಯನ್ನು ನಾವೇ ಕರೆದು ಕೂರಿಸಿದ ಹಾಗೆ. ಕೆಲವು ಡ್ರೈವ್‌ಗಳ ಜೊತೆ ಎರಡು ಪ್ಲಗ್ ಇರುವ ವೈ-ಕೇಬಲ್ ಕೊಡುತ್ತಾರೆ. ಒಂದರಲ್ಲಿ ಡೇಟಾ ಮತ್ತು ಕರೆಂಟ್, ಇನ್ನೊಂದರಲ್ಲಿ ಬರೀ ಕರೆಂಟ್. ಹಳೆಯ ಯುಎಸ್‌ಬಿ 2.0 ಪೋರ್ಟ್‌ಗಳಷ್ಟೇ ಇರುವ ಕಂಪ್ಯೂಟರಿಗೆ ಇದು ಒಳ್ಳೆಯ ಉಪಾಯ. ಎರಡೂ ಪ್ಲಗ್ಗನ್ನು ಅದೇ ಕಂಪ್ಯೂಟರಿಗೇ ಹಾಕಿ.

ದಪ್ಪ ಡ್ರೈವ್‌ಗೆ ಈ ಯಾವ ಗೊಡವೆಯೂ ಇಲ್ಲ. ಅಡಾಪ್ಟರ್ ಇದೆ, ಮುಗಿಯಿತು.

6. ಯುಎಸ್‌ಬಿ 3.0 ಅಂತ ಬರೆದದ್ದಕ್ಕೆ ಎಷ್ಟು ಬೆಲೆ ಕೊಡಬೇಕು?

ಡಿವಿಡಿ ಡ್ರೈವ್‌ಗಾದರೆ, ಏನೂ ಬೇಡ. ಡಿವಿಡಿಯ 1ಎಕ್ಸ್ ಅಂದರೆ ಸೆಕೆಂಡಿಗೆ 1.385 ಎಂಬಿ. 8ಎಕ್ಸ್‌ಗೆ ಹೆಚ್ಚೆಂದರೆ 11 ಎಂಬಿ. ಹಳೆಯ ಯುಎಸ್‌ಬಿ 2.0 ಕೂಡ ಸೆಕೆಂಡಿಗೆ 30 ಎಂಬಿಗಿಂತ ಜಾಸ್ತಿ ಸಾಗಿಸುತ್ತದೆ. ಡ್ರೈವ್ ಮೇಲೆ ‘ಸೂಪರ್ ಸ್ಪೀಡ್ ಯುಎಸ್‌ಬಿ 3.0’ ಅಂತ ದಪ್ಪಕ್ಷರದಲ್ಲಿ ಬರೆದಿದ್ದರೂ ಡಿಸ್ಕ್ ತಿರುಗುವ ವೇಗ ಅದರಿಂದ ಹೆಚ್ಚುವುದಿಲ್ಲ. ಕಂಪ್ಯೂಟರ್ ಕಡೆಯ 3.0 ಪೋರ್ಟ್‌ನಿಂದ ಕರೆಂಟ್ ಜಾಸ್ತಿ ಸಿಗುತ್ತದೆ, ಅದಷ್ಟೇ ಲಾಭ.

ಬ್ಲೂ-ರೇಯಲ್ಲಿ ಲೆಕ್ಕ ಬೇರೆ. ಅಲ್ಲಿ 1ಎಕ್ಸ್‌ಗೆ 4.5 ಎಂಬಿ. 6ಎಕ್ಸ್‌ಗೆ 27 ಎಂಬಿ, ಯುಎಸ್‌ಬಿ 2.0 ಹೇಗೋ ತಡೆದುಕೊಳ್ಳುತ್ತದೆ. 16ಎಕ್ಸ್‌ಗೆ 72 ಎಂಬಿ, ಅದಕ್ಕೆ 3.0 ಬೇಕೇ ಬೇಕು. ಯುಎಸ್‌ಬಿ 3.0, 3.1 ಜೆನ್ 1, 3.2 ಜೆನ್ 1 ಮೂರೂ ಒಂದೇ ವೇಗದವು, ಹೆಸರು ಮಾತ್ರ ಬದಲಾಗುತ್ತಾ ಬಂತು. ಇನ್ನು ಟೈಪ್-ಸಿ ಅನ್ನುವುದು ಪ್ಲಗ್ಗಿನ ಆಕಾರ, ಅದು ವೇಗದ ಹೆಸರಲ್ಲ.

7. ಸಿನಿಮಾ ನೋಡುವವರಿಗೆ

ಡ್ರೈವ್ ಸಿಕ್ಕಿಸಿದ ಕೂಡಲೇ ಸಿನಿಮಾ ಓಡುತ್ತದೆ ಅಂದುಕೊಳ್ಳಬೇಡಿ. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಸಿನಿಮಾ ಓಡಿಸುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ಜೊತೆಗೆ ಕೊಡುತ್ತಿಲ್ಲ. ಉಚಿತವಾಗಿ ಸಿಗುವ ವಿಎಲ್‌ಸಿ ಹಾಕಿಕೊಂಡರೆ ಆ ಸಮಸ್ಯೆ ತೀರಿತು. ಮ್ಯಾಕ್‌ನಲ್ಲಿ ಡಿವಿಡಿ ಪ್ಲೇಯರ್ ಸಾಫ್ಟ್‌ವೇರ್ ಒಳಗೇ ಇದೆ.

ಬ್ಲೂ-ರೇ ಸಿನಿಮಾ ಅಷ್ಟು ಸಲೀಸಲ್ಲ. ಡಿಸ್ಕ್‌ನಲ್ಲಿ ಕಾಪಿ ತಡೆಯುವ ಬೀಗ ಇರುತ್ತದೆ. ಅದನ್ನು ತೆರೆಯಲು ಪರವಾನಗಿ ಇರುವ ಪ್ಲೇಯರ್ ಸಾಫ್ಟ್‌ವೇರ್ ಬೇಕು, ಅದಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡು. ಡ್ರೈವ್ ಜೊತೆ ಅಂಥ ಸಾಫ್ಟ್‌ವೇರ್ ಕೊಡುತ್ತಾರಾ ಅಂತ ಮೊದಲೇ ನೋಡಿ. ಇಲ್ಲದಿದ್ದರೆ ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ.

4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಅಂದರೆ ಇನ್ನೂ ದೊಡ್ಡ ತಲೆನೋವು. ಅದಕ್ಕೆ ಡ್ರೈವ್, ಸಾಫ್ಟ್‌ವೇರ್, ಮಾನಿಟರ್ ಎಲ್ಲಕ್ಕೂ ಒಪ್ಪಿಗೆ ಇರಬೇಕು. ಸಾಲದ್ದಕ್ಕೆ ಪ್ರೊಸೆಸರ್‌ನಲ್ಲಿ ಇಂಟೆಲ್‌ನ ಎಸ್‌ಜಿಎಕ್ಸ್ ಅನ್ನುವ ಭದ್ರತಾ ಸೌಲಭ್ಯ ಇರಬೇಕು. 11ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಂದ ಇಂಟೆಲ್ ಅದನ್ನು ತೆಗೆದುಹಾಕಿದೆ, ಎಎಂಡಿಯಲ್ಲಿ ಅದು ಇರಲೇ ಇಲ್ಲ. ಅಂದರೆ ಹೊಸ ಕಂಪ್ಯೂಟರ್ ಕೊಂಡವರಿಗೇ ದಾರಿ ಬಂದ್! 4ಕೆ ಡಿಸ್ಕ್ ನೋಡಬೇಕಾದರೆ ಟಿವಿಗೆ ಹಾಕುವ ಪ್ಲೇಯರ್ ತಗೊಳ್ಳಿ, ಕಂಪ್ಯೂಟರಿನ ಸಹವಾಸ ಬೇಡ.

ಬೇರೆ ಬೇರೆ ದೇಶಗಳ ಡಿವಿಡಿ ಇದ್ದವರು ರೀಜನ್ ಕೋಡ್ ಬಗ್ಗೆ ತಿಳಿದಿರಬೇಕು. ಡಿವಿಡಿ ಸಿನಿಮಾಗಳಿಗೆ ಜಗತ್ತನ್ನು 6 ವಲಯಗಳಾಗಿ ಹಂಚಿದ್ದಾರೆ. ಡ್ರೈವ್‌ನ ವಲಯವನ್ನು 5 ಸಲ ಬದಲಾಯಿಸಬಹುದು, ಐದನೇ ಸಲ ಇಟ್ಟದ್ದೇ ಖಾಯಂ. ಕಂಪ್ಯೂಟರ್ ಪರದೆ ಮೇಲೆ ‘ವಲಯ ಬದಲಾಯಿಸಲೇ’ ಅಂತ ಕೇಳಿದಾಗ ಗಡಿಬಿಡಿಯಲ್ಲಿ ಹೂಂ ಅನ್ನಬೇಡಿ. ಹಾಡಿನ ಸಿಡಿ, ಡೇಟಾ ಡಿಸ್ಕ್‌ಗಳಿಗೆ ಈ ಕಟ್ಟುಪಾಡು ಇಲ್ಲ.

8. ಟ್ರೇ ಒಳ್ಳೆಯದು, ಸ್ಲಾಟ್ ಚಂದ

ಸ್ಲಾಟ್ ಡ್ರೈವ್‌ನಲ್ಲಿ ಡಿಸ್ಕನ್ನು ಸೀಳಿನೊಳಗೆ ತಳ್ಳಿದರೆ ಅದೇ ನುಂಗಿಕೊಳ್ಳುತ್ತದೆ. ಸೊಗಸಾಗಿದೆ. ಆದರೆ 8 ಸೆಂಟಿಮೀಟರ್‌ನ ಡಿಸ್ಕ್ ಅಥವಾ ವಿಚಿತ್ರ ಆಕಾರದ ಡಿಸ್ಕ್ ಒಳಗೆ ಹೋದರೆ ಸಿಕ್ಕಿಹಾಕಿಕೊಳ್ಳುತ್ತದೆ. ಕಾಗದದ ಲೇಬಲ್ ಅಂಟಿಸಿದ ಡಿಸ್ಕ್ ಕೂಡ ಅಪಾಯವೇ. ಟ್ರೇ ಡ್ರೈವ್‌ನ ಮುಂದೆ ಸೂಜಿ ಗಾತ್ರದ ಒಂದು ತೂತು ಇರುತ್ತದೆ. ಕರೆಂಟ್ ಹೋದರೂ, ಡ್ರೈವ್ ಕೆಟ್ಟರೂ, ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ಪನ್ನು ಅದರೊಳಗೆ ಒತ್ತಿದರೆ ಟ್ರೇ ಬಿಚ್ಚಿಕೊಳ್ಳುತ್ತದೆ. ನಾನಂತೂ ಟ್ರೇ ಡ್ರೈವನ್ನೇ ಹೇಳುತ್ತೇನೆ.

ಸೆಕೆಂಡ್‌ಹ್ಯಾಂಡ್‌ನಲ್ಲಿ ಆಪಲ್ ಸೂಪರ್‌ಡ್ರೈವ್ ಸಿಕ್ಕರೆ ವಿಂಡೋಸ್ ಪಿಸಿಗೆ ಅಂತ ತರಬೇಡಿ. ಅದು ಮ್ಯಾಕ್‌ಗೆಂದೇ ಮಾಡಿದ್ದು. ಮಾಮೂಲಿ ಪಿಸಿಗೆ ಸಿಕ್ಕಿಸಿದರೆ ಡಿಸ್ಕನ್ನೇ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಡ್ರೈವ್ ಜೊತೆ ಕಾರ್ಡ್ ರೀಡರ್, ನಾಲ್ಕು ಯುಎಸ್‌ಬಿ ಪೋರ್ಟ್ ಎಲ್ಲ ಸೇರಿಸಿದ ‘ಒಂದರಲ್ಲೇ ಏಳು’ ಥರದ ಪೆಟ್ಟಿಗೆಗಳೂ ಬರುತ್ತವೆ. ಇರುವ 900 ಮಿಲಿಆಂಪ್‌ನಲ್ಲಿ ಎಲ್ಲರಿಗೂ ಪಾಲು ಕೊಟ್ಟರೆ ಡ್ರೈವ್‌ಗೆ ಏನು ಉಳಿಯುತ್ತದೆ? ಡೆಸ್ಕ್‌ಟಾಪ್ ಹಿಂದೆ ಪೋರ್ಟ್‌ಗಳಿಗೆ ಬರವಿಲ್ಲ. ಬಿಟ್ಟುಬಿಡಿ. ಹೆಸರೇ ಕೇಳದ ಬ್ರ್ಯಾಂಡ್‌ಗಳ ಒಳಗೆ ಹಳೆಯ ಲ್ಯಾಪ್‌ಟಾಪ್‌ನಿಂದ ಕಿತ್ತ ಡ್ರೈವ್ ಇರುವ ಸಾಧ್ಯತೆಯೂ ಇದೆ. ಡ್ರೈವ್‌ನ ಮಾಡೆಲ್ ನಂಬರ್, ಯಾವ ಡಿಸ್ಕ್ ಎಷ್ಟು ವೇಗ ಅನ್ನುವ ಪಟ್ಟಿ, ವಾರಂಟಿ ಈ ಮೂರೂ ಬರೆದಿರದ ಡ್ರೈವನ್ನು ಎಷ್ಟೇ ಅಗ್ಗ ಇದ್ದರೂ ಕೊಳ್ಳಬೇಡಿ.

9. ಡ್ರೈವ್ ಕೈಗೆ ಬಂದ ದಿನವೇ ಮಾಡಬೇಕಾದ ಪರೀಕ್ಷೆ

ವಾಪಸ್ ಮಾಡುವ ಗಡುವು ಮುಗಿಯುವ ಮುಂಚೆ ಎಲ್ಲ ಥರದ ಡಿಸ್ಕ್ ಹಾಕಿ ನೋಡಿ. ಅಂಗಡಿಯಲ್ಲಿ ಕೊಂಡ ಹಾಡಿನ ಸಿಡಿ ಒಂದು, ಮನೆಯಲ್ಲಿ ಬರೆದ ಹಳೆಯ ಸಿಡಿ ಒಂದು, ಎರಡು ಪದರದ ಸಿನಿಮಾ ಡಿವಿಡಿ ಒಂದು. ಡಿವಿಡಿಯಿಂದ ದೊಡ್ಡ ಫೈಲುಗಳನ್ನೆಲ್ಲ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಕೊನೆಯವರೆಗೂ ನಿಲ್ಲದೆ ಹೋಗುತ್ತದಾ ನೋಡಿ. ಡಿವಿಡಿ ಒಳಗಿನಿಂದ ಹೊರಗೆ ಓದುತ್ತಾ ಹೋಗುತ್ತದೆ, ಎರಡನೇ ಪದರಕ್ಕೆ ದಾಟುವಾಗ ದುರ್ಬಲ ಡ್ರೈವ್‌ಗಳು ತಡವರಿಸುತ್ತವೆ. ಬರೀ ಫೈಲುಗಳ ಪಟ್ಟಿ ಕಂಡಿತು ಅಂತ ಸಮಾಧಾನ ಪಟ್ಟುಕೊಂಡರೆ ಇದು ಗೊತ್ತಾಗುವುದಿಲ್ಲ.

ಆಮೇಲೆ ಒಂದು ಖಾಲಿ ಡಿವಿಡಿ ಪೂರ್ತಿ ಬರೆಯಿರಿ. 8ಎಕ್ಸ್‌ನಲ್ಲಿ ಸುಮಾರು 10 ನಿಮಿಷ ಹಿಡಿಯುತ್ತದೆ. ಬರೆಯುವ ಸಾಫ್ಟ್‌ವೇರ್‌ನಲ್ಲಿ ‘ವೆರಿಫೈ’ ಅನ್ನುವುದಕ್ಕೆ ಟಿಕ್ ಹಾಕಿ, ಬರೆದದ್ದನ್ನು ಅದೇ ಮತ್ತೆ ಓದಿ ಹೋಲಿಸುತ್ತದೆ. ವಿಂಡೋಸ್‌ನಲ್ಲಿ ಖಾಲಿ ಡಿಸ್ಕ್ ಹಾಕಿದರೆ ಎರಡು ಆಯ್ಕೆ ಬರುತ್ತವೆ: ಪೆನ್ ಡ್ರೈವ್ ಥರ ಬಳಸುವುದಾ, ಸಿಡಿ ಡಿವಿಡಿ ಪ್ಲೇಯರ್‌ನಲ್ಲಿ ಬಳಸುವುದಾ ಅಂತ. ಡಿಸ್ಕ್ ಬೇರೆ ಕಡೆಯೂ ಓಡಬೇಕಾದರೆ ಎರಡನೆಯದನ್ನೇ ಆರಿಸಿ. ಮ್ಯಾಕ್‌ನಲ್ಲಿ ಫೈಂಡರ್‌ನಿಂದಲೇ ಬರೆಯಬಹುದು. ಲಿನಕ್ಸ್‌ನವರಿಗೆ ಕೆ3ಬಿ, ಬ್ರಸೇರೊ ಇವೆ.

ಸಿಕ್ಕಿಸಿದರೂ ಡ್ರೈವ್ ಕಾಣಿಸದಿದ್ದರೆ ಮೊದಲು ಪೋರ್ಟ್, ಆಮೇಲೆ ಕೇಬಲ್ ಬದಲಾಯಿಸಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಡಿವಿಡಿ/ಸಿಡಿ-ರಾಮ್ ಸಾಲು ಬಿಚ್ಚಿ ನೋಡಿ. ಅಲ್ಲಿ ಹಳದಿ ಗುರುತು ಇದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಟ್ಟು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ತಾನೇ ಮತ್ತೆ ಹುಡುಕಿಕೊಳ್ಳುತ್ತದೆ. ಡ್ರೈವರ್ ಹಾಕಿಕೊಳ್ಳಿ ಅಂತ ಯಾವುದೋ ಜಾಗದಿಂದ ಫೈಲು ಇಳಿಸಬೇಡಿ. ಇಂಥ ಡ್ರೈವ್‌ಗೆ ಬೇಕಾದದ್ದು ವಿಂಡೋಸ್‌ನಲ್ಲೇ ಇದೆ.

10. ಡಿಸ್ಕ್ ಓದದಿದ್ದರೆ ಡ್ರೈವನ್ನೇ ಬೈಯಬೇಡಿ

ಡಿಸ್ಕ್ ಒರೆಸುವಾಗ ಮೆತ್ತನೆ ಬಟ್ಟೆಯಿಂದ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ಒರೆಸಿದರೆ ಗೀರು ಬಿದ್ದಾಗ ಅದು ಡೇಟಾ ಹರಿಯುವ ದಿಕ್ಕಿನಲ್ಲೇ ಬೀಳುತ್ತದೆ, ತಪ್ಪು ತಿದ್ದಿಕೊಳ್ಳಲು ಡ್ರೈವ್‌ಗೆ ಆಗುವುದಿಲ್ಲ.

ಸಿಡಿಯಲ್ಲಿ ಹೊಳೆಯುವ ಬದಿಗಿಂತ ಹೆಸರು ಬರೆದ ಬದಿಯೇ ನಾಜೂಕು. ಡೇಟಾ ಇರುವುದು ಲೇಬಲ್‌ನ ತೆಳು ಬಣ್ಣದ ಅಡಿಯಲ್ಲೇ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಹೋಯಿತು. ಡಿವಿಡಿಯಲ್ಲಿ ಡೇಟಾ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಭದ್ರವಾಗಿದೆ. ಬ್ಲೂ-ರೇಯಲ್ಲಿ ಓದುವ ಬದಿಯಿಂದ ಬರೀ 0.1 ಮಿಲಿಮೀಟರ್ ಒಳಗೆ, ಅದಕ್ಕೇ ಅದರ ಮೇಲೆ ಗಟ್ಟಿ ಲೇಪ ಕೊಟ್ಟಿರುತ್ತಾರೆ.

ಹಾಡಿನ ಸಿಡಿಗಳನ್ನು ಇಳಿಸುವವರು ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ ಬಳಸಿ, ಗುಣಮಟ್ಟ ಕಳೆಯದ ಫ್ಲಾಕ್ ರೂಪದಲ್ಲಿ ಉಳಿಸಿಕೊಳ್ಳಿ. ಇವೆರಡೂ ನೀವು ಇಳಿಸಿದ್ದನ್ನು ಬೇರೆಯವರು ಅದೇ ಸಿಡಿಯಿಂದ ಇಳಿಸಿದ್ದರ ಜೊತೆ ಹೋಲಿಸಿ ಸರಿಯಿದೆಯಾ ಅಂತ ಹೇಳಬಲ್ಲವು. ಗೀರು ಬಿದ್ದ ಡಿಸ್ಕ್ ಇದ್ದರೆ ವೇಗ ಕಡಿಮೆ ಮಾಡಿ ಓದಿಸಿ, 48ಎಕ್ಸ್‌ನಲ್ಲಿ ಸಿಗದ ಹಾಡು ಕೆಲವು ಸಲ 8ಎಕ್ಸ್‌ನಲ್ಲಿ ಸಿಗುತ್ತದೆ.

ಅಷ್ಟಾದರೂ ಮುಖ್ಯವಾದ ಡಿಸ್ಕ್ ಓದದಿದ್ದರೆ ಕಸಕ್ಕೆ ಹಾಕುವ ಮುಂಚೆ ಬೇರೆ ಕಂಪನಿಯ ಡ್ರೈವ್‌ನಲ್ಲಿ ಒಮ್ಮೆ ಹಾಕಿ ನೋಡಿ. ಮಂಕಾದ ಡಿಸ್ಕ್‌ಗಳ ವಿಷಯದಲ್ಲಿ ಒಂದು ಡ್ರೈವ್ ಕೈಚೆಲ್ಲಿದ್ದನ್ನು ಇನ್ನೊಂದು ಓದಿಬಿಡುವುದು ಹೊಸತೇನಲ್ಲ. ಹಳೆಯ ಡ್ರೈವ್ ಯಾರ ಮನೆಯ ಅಟ್ಟದ ಮೇಲಿದ್ದರೂ ಎರವಲು ತಂದು ನೋಡಿ. ಓದಿದ ಕೂಡಲೇ ಪೂರ್ತಿ ಡಿಸ್ಕನ್ನು ಐಎಸ್‌ಒ ಫೈಲ್ ಆಗಿ ಇಳಿಸಿಕೊಳ್ಳಿ, ಎರಡನೇ ಸಲ ಓದುತ್ತದೆ ಅನ್ನುವ ಭರವಸೆ ಇಲ್ಲ.